ತವರಿನಲ್ಲಿ ಹುಟ್ಟಿದ ತಪ್ಪು

ನಿಮ್ಮ ಹುಟ್ಟೂರು ಯಾವುದು ಎಂದು ಯಾರಾದರೂ ಕೇಳಿದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಕೇಳಿದವರ ತಪ್ಪೇನೂ ಇರುವುದಿಲ್ಲ. ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಹೆಂಗಸು ಹೊತ್ತು ಹೋಗಲೆಂದು ಕೇಳುತ್ತಾಳೆ, ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಹುಡುಗಿ ಕೇಳಬೇಕಾದ್ದರಿಂದ ಕೇಳುತ್ತಾಳೆ. ನಾನು ಮಾತ್ರ ಮುಖ ಗಂಟು ಹಾಕಿಕೊಂಡು, ಅದನ್ನು ಕಟ್ಟಿಕೊಂಡು ನಿನಗೇನಾಗಬೇಕು ಅನ್ನುವ ಹಾಗೆ ನೋಡುತ್ತೇನೆ. ಮಕ್ಕಳು ನಗುತ್ತಾರೆ. ಆ ಪ್ರಶ್ನೆಗೆ ನಮ್ಮಪ್ಪ ಒಮ್ಮೆ ಸರಿಯಾದ ಉತ್ತರ ಕೊಟ್ಟು ನನ್ನ ಒಂದು ವರ್ಷ ಕಳೆದಿದ್ದು ಅವರಿಗೆ ಗೊತ್ತಿದೆ, ಆದರೂ ನಗುತ್ತಾರೆ.

ನಮ್ಮ ಊರು ಔರಾದ ತಾಲೂಕಿನದು. ಅವ್ವನ ತವರು ಉದಗೀರಿನ ದಾರಿಯಲ್ಲಿ. ಬೆಳಿಗ್ಗೆ ರೊಟ್ಟಿ ತಿಂದು ಬಂಡಿ ಹೂಡಿದರೆ, ನಡುವೆ ಎತ್ತುಗಳಿಗೆ ನೀರು ಕುಡಿಸಿಯೂ ಮಧ್ಯಾಹ್ನದ ಊಟಕ್ಕೆ ಅಲ್ಲಿರಬಹುದಿತ್ತು. ನಿಜಾಮರ ಕಾಲದಲ್ಲಿ ಎರಡೂ ಊರು ಬೀದರ ಜಿಲ್ಲೆಯವೇ. ಎರಡೂ ಕಡೆ ಜೋಳ, ತೊಗರಿ, ಉದ್ದು. ಎರಡೂ ಊರಿನವರು ಮನೆಯಲ್ಲಿ ಕನ್ನಡ ಆಡುತ್ತಿದ್ದರು, ಓಣಿಯಲ್ಲಿ ಮರಾಠಿ. ಕಚೇರಿಗೆ ಹೋದರೆ ಕೈಕಟ್ಟಿ ನಿಂತು ಅರ್ಧಂಬರ್ಧ ಉರ್ದು. ಹೆಣ್ಣು ಕೊಡುವಾಗ, ತರುವಾಗ ಯಾರೂ ನಕಾಶೆ ಬಿಡಿಸಿ ನೋಡಿದವರಲ್ಲ.

ಆಮೇಲೆ ರಾಜ್ಯಗಳನ್ನು ಭಾಷೆ ನೋಡಿ ಹಂಚಿದರು. ಹೈದರಾಬಾದ್ ರಾಜ್ಯ ಮುಗಿಯಿತು, ನಮ್ಮ ಜಿಲ್ಲೆಯೂ ಹೋಳಾಯಿತು. ಬೀದರ, ಭಾಲ್ಕಿ, ಔರಾದ ಮೈಸೂರು ರಾಜ್ಯಕ್ಕೆ ಬಂದವು, ಉದಗೀರು ಮುಂಬಯಿ ರಾಜ್ಯಕ್ಕೆ ಹೋಯಿತು. ನಮ್ಮೂರಿನಲ್ಲಿ ಆವತ್ತು ಸಕ್ಕರೆ ಹಂಚಿದರು. ಅಪ್ಪನಿಗಂತೂ ಬಹಳ ಖುಷಿ. ಶ್ರಾವಣದಲ್ಲಿ ಗುಡಿಯ ಕಟ್ಟೆಯ ಮೇಲೆ ಕನ್ನಡ ಪುರಾಣ ಓದುತ್ತಿದ್ದ ಮನುಷ್ಯ ಅವನು. ಇನ್ನು ಮೇಲೆ ಕಚೇರಿಯೂ ತನ್ನ ಮಾತೇ ಆಡುತ್ತದೆ ಎಂದು ನಂಬಿದ್ದ. ನಮ್ಮೂರಿಗೂ ಅವ್ವನ ಊರಿಗೂ ನಡುವೆ ಯಾರದೋ ಜೋಳದ ಹೊಲದ ಬದುವಿನಲ್ಲಿ ಸುಣ್ಣ ಬಳಿದ ಒಂದು ಕಲ್ಲು ನೆಟ್ಟರು. ಅವ್ವ ಆ ಕಲ್ಲು ದಾಟಿಕೊಂಡು ಎಂದಿನ ಹಾಗೆ ಪಂಚಮಿಗೆ ತವರಿಗೆ ಹೋಗಿಬಂದಳು. ಕಲ್ಲು ನೋಡಿದೆಯಾ ಎಂದು ನಾನು ಕೇಳಿದರೆ, ಅದರ ನೆರಳಿನಲ್ಲಿ ಒಂದು ನಾಯಿ ಮಲಗಿತ್ತು ಎಂದಳು.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಲೇಬೇಕು. ಚೊಚ್ಚಲ ಬಾಣಂತನ ತವರಿನದು. ಅದಕ್ಕೆ ಎರಡು ಮಾತಿಲ್ಲ. ಏಳನೆಯ ತಿಂಗಳಲ್ಲಿ ಕುಬಸ ಮಾಡಿ, ಉಡಿ ತುಂಬಿ ಕಳಿಸುತ್ತಾರೆ. ಅಣ್ಣನೋ ತಮ್ಮನೋ ಬಂಡಿ ತಂದು ಕರೆದುಕೊಂಡು ಹೋಗುತ್ತಾನೆ. ಕೂಸು ಐದು ತಿಂಗಳದಾದ ಮೇಲೆ ತವರಿನವರು ತೊಟ್ಟಿಲು, ಕೌದಿ, ಕುಲಾಯಿ ಎಲ್ಲ ಬಂಡಿಗೆ ಹೇರಿ ಗಂಡನ ಮನೆಗೆ ಮುಟ್ಟಿಸುತ್ತಾರೆ. ಎರಡನೆಯದರಿಂದ ಮುಂದೆ ಗಂಡನ ಮನೆಯ ಒಳಕೋಣೆಯಲ್ಲೇ ಹೆರಿಗೆ. ಹೀಗಾಗಿ ನಮ್ಮ ಕಡೆ ಯಾವ ಮನೆಗೆ ಹೋದರೂ ಹಿರಿಯ ಕೂಸು ಬೇರೆ ಊರಿನಲ್ಲಿ ಹುಟ್ಟಿದ್ದು. ನಾನು ನಮ್ಮ ಮನೆಯ ಹಿರಿಯವಳು, ಅವ್ವನ ತವರಿನಲ್ಲಿ ಹುಟ್ಟಿದವಳು. ನನ್ನ ತಂಗಿ ಹುಟ್ಟಿದ್ದು ನಮ್ಮ ಮನೆಯಲ್ಲೇ. ಇಷ್ಟು ನೆನಪಿಟ್ಟುಕೊಂಡರೆ ಮುಂದಿನ ಹುಚ್ಚಾಟವೆಲ್ಲ ಅರ್ಥವಾಗುತ್ತದೆ.

ಭಾಲ್ಕಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ನಾನು ಏಳನೆಯ ಇಯತ್ತೆ ಪಾಸಾಗಿದ್ದೆ. ಸಾಲೆಯಲ್ಲಿ ಕಲಿತದ್ದು ಮರಾಠಿ. ಅಪ್ಪ ಪುರಾಣ ಓದುವಾಗ ಪಕ್ಕದಲ್ಲಿ ಕೂತು ಕನ್ನಡ ಅಕ್ಷರ ಕಲಿತಿದ್ದೆ. ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಊರೂರಿಗೆ ಕನ್ನಡ ಸಾಲೆ ತೆರೆಯಬೇಕು ಎಂದರು, ಕಲಿಸಲು ಕನ್ನಡ ಬಲ್ಲವರೇ ಇಲ್ಲ. ಹೆಣ್ಣುಮಕ್ಕಳಂತೂ ಹುಡುಕಿದರೂ ಸಿಗುತ್ತಿರಲಿಲ್ಲ. ಟ್ರೇನಿಂಗ್ ಮುಗಿಸಿದವಳಿಗೆ ನೌಕರಿ ಖಾತ್ರಿ. ಆ ಹೊತ್ತಿಗೆ ಹಲಬರ್ಗಾದ ಕಡೆಯಿಂದ ನನಗೊಂದು ಸಂಬಂಧವೂ ಬಂದಿತ್ತು. ಅಪ್ಪ ಎರಡನ್ನೂ ತೂಗಿ ನೋಡಿ, ಟ್ರೇನಿಂಗಿಗೆ ತೆಗೆದುಕೊಂಡರೆ ಕಲಿ, ಇಲ್ಲದಿದ್ದರೆ ಬರುವ ಬೇಸಿಗೆಗೆ ಅಕ್ಷತೆ ಬೀಳುತ್ತದೆ ಎಂದು ತೀರ್ಪು ಕೊಟ್ಟ. ನನಗೆ ಆ ಅಕ್ಷತೆ ಬೇಡವಾಗಿತ್ತು. ಕರಿಹಲಗೆಯ ಮುಂದೆ ನಿಲ್ಲಬೇಕು, ಅಷ್ಟೇ ನನಗೆ ಬೇಕಾದದ್ದು.

ಟ್ರೇನಿಂಗಿಗೆ ಅರ್ಜಿ ಹಾಕಲು ನಾನು ಇಲ್ಲಿಯವಳೇ ಎಂಬ ದಾಖಲೆ ಬೇಕಿತ್ತು. ನಿಜಾಮರ ಕಾಲದಲ್ಲಿ ಈ ನೆಲದವರಿಗೆ ಕೊಡುತ್ತಿದ್ದ ಅದನ್ನು ಮುಲ್ಕಿ ಎನ್ನುತ್ತಿದ್ದರು. ರಾಜ್ಯ ಬದಲಾಗಿ ಹೆಸರು ಬದಲಾದರೂ ಜನ ಮುಲ್ಕಿ ಎಂದೇ ಅನ್ನುತ್ತಿದ್ದರು. ಔರಾದಿನ ತಹಸೀಲಿನ ಮುಂದೆ ಬೇವಿನ ಗಿಡದ ಕೆಳಗೆ ಒಬ್ಬ ಅರ್ಜಿ ಬರೆಯುವ ಮುದುಕ ಕೂಡುತ್ತಿದ್ದ. ಜೀವಮಾನವೆಲ್ಲ ಉರ್ದುವಿನಲ್ಲಿ ಬರೆದವನು, ಈಗ ಈ ವಯಸ್ಸಿಗೆ ಕನ್ನಡ ತಿದ್ದುತ್ತಿದ್ದ. ಅಪ್ಪ ನನಗೊಂದು, ಬಂದದ್ದೇ ಬಂದೆವು ಎಂದು ತಂಗಿಗೊಂದು, ಎರಡು ಅರ್ಜಿ ಬರೆಸಿದ. ತಂಗಿ ಇನ್ನೂ ಐದನೆಯ ಇಯತ್ತೆ. ಮುಂದೆ ಎಂದಾದರೂ ಬೇಕಾಗುತ್ತದೆ ಎಂಬ ಲೆಕ್ಕ ಅವನದು.

ಮುದುಕ ನನ್ನ ಕಡೆ ತಿರುಗಿ ಎಲ್ಲಿ ಹುಟ್ಟಿದವಳು ಎಂದು ಕೇಳಿದ. ಅಪ್ಪ ಹಿಂದುಮುಂದು ನೋಡದೆ ಅವ್ವನ ತವರೂರಿನ ಹೆಸರು ಹೇಳಿದ. ಹೇಳಿದ್ದಷ್ಟೇ ಅಲ್ಲ, ಹಿರಿಯ ಮಗಳು, ಮಾವ ತೊಟ್ಟಿಲನ್ನು ಸಾಗವಾನಿಯಲ್ಲಿ ಮಾಡಿಸಿಕೊಟ್ಟಿದ್ದ ಎಂದು ಆ ಮುದುಕನಿಗೆ ಬೇಡದ ಕಥೆಯನ್ನೂ ಹೇಳಿದ. ನಮ್ಮಲ್ಲಿ ಅದು ದೊಡ್ಡಸ್ತಿಕೆಯ ಮಾತು. ಚೊಚ್ಚಲು ಗಂಡನ ಮನೆಯಲ್ಲಾಯಿತು ಎಂದರೆ ಹುಡುಗಿಗೆ ತವರಿನಲ್ಲಿ ಯಾರೂ ಇಲ್ಲ, ಇದ್ದರೂ ಕೈಲಾಗದವರು ಎಂದು ಅರ್ಥ. ಮುದುಕ ತಲೆದೂಗುತ್ತ ಬರೆದ. ತಂಗಿಯ ಅರ್ಜಿಯಲ್ಲಿ ನಮ್ಮೂರಿನ ಹೆಸರು ಬಿತ್ತು. ಅಪ್ಪ ಎರಡಕ್ಕೂ ಹೆಬ್ಬೆಟ್ಟಲ್ಲ, ದೊಡ್ಡದಾಗಿ ಕನ್ನಡದಲ್ಲಿ ಸಹಿ ಹಾಕಿದ.

ತಂಗಿಯ ಮುಲ್ಕಿ ಯಾವ ತಕರಾರೂ ಇಲ್ಲದೆ ಬಂದುಬಿಟ್ಟಿತು. ನನ್ನದು ಬರಲಿಲ್ಲ. ಅಪ್ಪ ಹೋಗಿ ಕೇಳಿದರೆ, ನಿಮ್ಮ ಮಗಳು ಮುಂಬಯಿ ರಾಜ್ಯದಲ್ಲಿ ಹುಟ್ಟಿದವಳು, ಇದು ನಮ್ಮ ಕೈಯಲ್ಲಿಲ್ಲ, ಬೀದರಿಗೆ ಕಳಿಸಿದ್ದೇವೆ ಎಂದರು. ಅವಳು ಹುಟ್ಟಿದಾಗ ಅದು ಬೀದರ ಜಿಲ್ಲೆಯೇ ಆಗಿತ್ತಲ್ಲ ಎಂದು ಅಪ್ಪ ವಾದಿಸಿದ. ಆಗ ಆಗಿತ್ತು, ಈಗ ಇಲ್ಲ ಎಂದರು. ಒಬ್ಬನೇ ಅಪ್ಪ, ಒಬ್ಬಳೇ ಅವ್ವ, ಒಂದೇ ಒಲೆಯ ರೊಟ್ಟಿ ತಿಂದು ಬೆಳೆದ ಅಕ್ಕತಂಗಿಯರಲ್ಲಿ ಒಬ್ಬಳು ಈ ನೆಲದವಳು, ಇನ್ನೊಬ್ಬಳು ಹೊರಗಿನವಳು. ತಂಗಿ ತನ್ನ ಮುಲ್ಕಿಯನ್ನು ದೇವರ ಜಗಲಿಯ ಮೇಲಿಟ್ಟು, ನೀನು ನಮ್ಮ ಮನೆಗೆ ಬೀಗರು ಬಂದ ಹಾಗೆ ಬಂದವಳು, ನಿನಗೆ ಮೊದಲು ನೀರು ಕೊಡಬೇಕು ಎಂದು ಚೇಷ್ಟೆ ಮಾಡಿದಳು. ನಾನು ತಂಬಿಗೆ ಎತ್ತಿ ಎಸೆದೆ. ತಂಬಿಗೆ ಸೊಟ್ಟಾಯಿತು, ಅವಳಿಗೆ ತಾಗಲಿಲ್ಲ.

ಬೀದರಿಗೆ ಹೋಗಿಬರುವುದು ಆಗ ಶುರುವಾಯಿತು. ಅಲ್ಲಿಯ ಕಾಳಿನ ಪೇಟೆ ಗಾಂಧಿ ಗಂಜಿನಲ್ಲಿ ನಮ್ಮ ತೊಗರಿ, ಉದ್ದು ಮಾರಾಟಕ್ಕೆ ಹಾಕುತ್ತಿದ್ದ ಒಂದು ಅಡತಿ ಅಂಗಡಿಯಿತ್ತು. ಕಚೇರಿ ತೆರೆಯುವ ತನಕ ನಾನೂ ಅಪ್ಪನೂ ಅಲ್ಲಿ ಚೀಲಗಳ ಮೇಲೆ ಕೂತಿರುತ್ತಿದ್ದೆವು. ಹಮಾಲರು ನಮ್ಮನ್ನು ಎಬ್ಬಿಸಿ ಚೀಲ ಒಯ್ಯುತ್ತಿದ್ದರು, ನಾವು ಇನ್ನೊಂದು ಚೀಲಕ್ಕೆ ಸರಿಯುತ್ತಿದ್ದೆವು. ಅಂಗಡಿಯ ಅಡತ್ಯಾನಿಗೆ ನಮ್ಮ ಕಥೆ ಕೇಳಿ ನಗು ತಡೆಯಲಾಗಲಿಲ್ಲ. ಗಂಜಿಗೆ ಬರುವ ರೈತರೆಲ್ಲ ಮಕ್ಕಳ ಮುಲ್ಕಿಗೆ ಅಪ್ಪನ ಊರೇ ಬರೆಸುತ್ತಾರೆ, ಎಲ್ಲಿ ಹುಟ್ಟಿದರೇನು, ಕಚೇರಿಯವರು ಬಂದು ತೊಟ್ಟಿಲು ನೋಡುತ್ತಾರೆಯೇ ಎಂದು ಅಪ್ಪನನ್ನೇ ಬೈದ. ಅಪ್ಪ ಪುರಾಣ ಓದುವ ಬಾಯಿಯಿಂದ ಸುಳ್ಳು ಹೇಳುವುದು ಹೇಗೆ ಎಂದ. ನನಗೆ ಆವತ್ತು ಅಪ್ಪನ ಬಾಯಿಯ ಮೇಲೂ ಪುರಾಣದ ಮೇಲೂ ಒಟ್ಟಿಗೇ ಸಿಟ್ಟು ಬಂತು.

ಬೀದರಿನ ಕಚೇರಿಯಲ್ಲಿ ನಮ್ಮ ಕಾಗದ ನೋಡುತ್ತಿದ್ದವರು ಮೈಸೂರಿನ ಕಡೆಯಿಂದ ಹೊಸದಾಗಿ ಬಂದ ಗುಮಾಸ್ತರು. ಸಣ್ಣ ದನಿ, ಇಸ್ತ್ರಿ ಮಾಡಿದ ಅಂಗಿ. ಅವರಿಗೆ ಉರ್ದು ಓದಲು ಬರುತ್ತಿರಲಿಲ್ಲ, ನಮ್ಮ ಹಳೆಯ ಕಾಗದಗಳೆಲ್ಲ ಉರ್ದುವಿನಲ್ಲಿದ್ದವು. ಪಕ್ಕದ ಮೇಜಿನ ಹಳೆಯ ಗುಮಾಸ್ತನಿಗೆ ಉರ್ದು ಬರುತ್ತಿತ್ತು, ಕನ್ನಡ ಬರುತ್ತಿರಲಿಲ್ಲ. ಇವರು ಅವನನ್ನು ಕೇಳಲಾರರು, ಅವನು ಇವರಿಗೆ ಹೇಳಲಾರ. ನಡುವೆ ನಾನೇ ಅವನ ಬಾಯಿಂದ ಕೇಳಿ ಇವರಿಗೆ ಕನ್ನಡದಲ್ಲಿ ಹೇಳಿದೆ. ಅಂದರೆ ನಾನು ಈ ರಾಜ್ಯದವಳೋ ಅಲ್ಲವೋ ಎಂದು ನಿರ್ಧರಿಸುವ ಕಾಗದವನ್ನು ಈ ರಾಜ್ಯದ ಭಾಷೆಗೆ ತಂದುಕೊಟ್ಟವಳು ನಾನೇ. ಗುಮಾಸ್ತರು ಬಹಳ ಚೆನ್ನಾಗಿ ಹೇಳಿದಿರಿ ಎಂದು ಹೊಗಳಿದರು. ಹೊಗಳಿ, ಉದಗೀರಿನ ಕಚೇರಿಯಿಂದ ಈಕೆ ನಮ್ಮ ರಾಜ್ಯದ ನಿವಾಸಿಯಲ್ಲ ಎಂದು ಬರೆಸಿಕೊಂಡು ಬನ್ನಿ ಎಂದು ಅರ್ಜಿ ವಾಪಸು ಕೊಟ್ಟರು.

ಉದಗೀರಿಗೆ ಸೋದರಮಾವನೇ ಕರೆದುಕೊಂಡು ಹೋದ. ಚಿಕ್ಕಂದಿನಲ್ಲಿ ನನ್ನನ್ನು ಹೆಗಲ ಮೇಲೆ ಹೊತ್ತು ಆ ಪೇಟೆಯೆಲ್ಲ ತಿರುಗಿಸಿದವನು. ಅಲ್ಲಿಯ ಗುಮಾಸ್ತ ಮರಾಠಿಯಲ್ಲಿ ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡು, ಇಲ್ಲಿ ಇಲ್ಲದವಳು ಇಲ್ಲಿ ಇಲ್ಲ ಎಂದು ನಾವು ಹೇಗೆ ಬರೆದುಕೊಡುವುದು ಎಂದ. ಇದ್ದವರ ದಾಖಲೆ ನಮ್ಮಲ್ಲಿದೆ, ಇಲ್ಲದವರ ದಾಖಲೆ ಯಾವ ಸರ್ಕಾರ ಇಟ್ಟುಕೊಳ್ಳುತ್ತದೆ ಎಂದು ಕೇಳಿದ. ಆಮೇಲೆ ಅವನಿಗೆ ಕರುಣೆ ಬಂತು. ಹುಟ್ಟಿದ್ದು ಇಲ್ಲೇ, ಮಾವನ ಮನೆ ಇಲ್ಲೇ, ಬೇಕಾದರೆ ಇಲ್ಲಿಯ ನಿವಾಸಿ ಎಂದು ಇವತ್ತೇ ಕೊಡುತ್ತೇನೆ ಎಂದ. ನನಗೆ ಬೇಡವಾದ ರಾಜ್ಯ ಕರೆದು ಕೂರಿಸುತ್ತಿತ್ತು, ನನಗೆ ಬೇಕಾದ ರಾಜ್ಯ ಹೊರಗೆ ನಿಲ್ಲಿಸಿತ್ತು. ಮಾವನಿಗೆ ಆಸೆಯಾಯಿತು, ಇಲ್ಲೇ ಇರು, ಇಲ್ಲೇ ಮರಾಠಿ ಸಾಲೆಯಲ್ಲಿ ಕಲಿಸು ಎಂದ. ಇದ್ದರೆ ಅಪ್ಪನ ಮನೆ ಬಿಡಬೇಕು, ಕನ್ನಡ ಬಿಡಬೇಕು. ಅತ್ತ ದರಿ, ಇತ್ತ ಪುಲಿ. ನಾನು ಅಳುತ್ತ ಬಸ್ಸು ಹತ್ತಿದೆ, ಮಾವ ಕಿಟಕಿಯಿಂದ ಶೇಂಗಾದ ಪೊಟ್ಟಣ ಕೊಟ್ಟ.

ಖಾಲಿ ಕೈಯಲ್ಲಿ ಬಂದ ಆವತ್ತಿನ ಸಂಜೆ ಅಪ್ಪ ಊಟಕ್ಕೆ ಕೂತವನು ರೊಟ್ಟಿ ಮುಟ್ಟದೆ, ಅದೆಲ್ಲಿ ಹೋಗಿ ಹಡೆದು ಬಂದೆಯೇ ಎಂದು ಅವ್ವನಿಗೆ ಅಂದುಬಿಟ್ಟ. ಬೇಸರದಲ್ಲಿ ಬಂದ ಮಾತು. ಸಾಗವಾನಿಯ ತೊಟ್ಟಿಲಿನ ದೊಡ್ಡಸ್ತಿಕೆ ಊರಿಗೆಲ್ಲ ಹೇಳಿದವನೂ ಅವನೇ. ಅವ್ವ ತಟ್ಟುತ್ತಿದ್ದ ರೊಟ್ಟಿಯನ್ನು ಪೂರಾ ತಟ್ಟಿ ಹಂಚಿಗೆ ಹಾಕಿದಳು. ಅಪ್ಪ ಮುಂದಿನ ವಾರ ಬೀದರಿಗೆ ಹೊರಟಾಗ ತಾನೂ ಬರುತ್ತೇನೆ ಎಂದು ಸೆರಗು ಹೊದ್ದು ಬಾಗಿಲಿಗೆ ಬಂದು ನಿಂತಳು. ಅಪ್ಪ ಬೇಡ ಎನ್ನುವ ಧೈರ್ಯ ಮಾಡಲಿಲ್ಲ.

ಕಚೇರಿಯಲ್ಲಿ ನಮ್ಮನ್ನು ಈ ಸಲ ಗುಮಾಸ್ತರ ಮೇಲಿನ ಸಾಹೇಬರ ಮುಂದೆ ನಿಲ್ಲಿಸಿದರು. ಅವರೂ ಮೈಸೂರಿನ ಕಡೆಯವರೇ, ಕನ್ನಡಕ ಹಾಕಿದ ನಡುವಯಸ್ಸಿನವರು. ಉದಗೀರಿನವರು ಬರೆದುಕೊಡಲಿಲ್ಲ ಎಂದು ಅಪ್ಪ ಹೇಳಿದ. ಸಾಹೇಬರು ಅರ್ಜಿ ಓದಿ, ಈ ಹುಡುಗಿ ಹುಟ್ಟುವ ಮೊದಲು ನೀವು ಆ ರಾಜ್ಯಕ್ಕೆ ಯಾಕೆ ಹೋಗಿದ್ದಿರಿ ಎಂದು ಅವ್ವನನ್ನು ಕೇಳಿದರು. ಅವರ ದನಿಯಲ್ಲಿ ಗದರಿಕೆಯಿರಲಿಲ್ಲ. ಆದರೂ ಅವ್ವನ ಮುಖ ಕೆಂಪಾಯಿತು. ಗಂಡಸರ ಕಚೇರಿಯಲ್ಲಿ ಅವಳು ಬಾಯಿ ಬಿಟ್ಟದ್ದು ನಾನು ಕಂಡ ಹಾಗೆ ಅದೊಂದೇ ಸಲ.

“ನಾ ನಮ್ಮವ್ವನ ಮನಿಗಿ ಹೋಗಿದ್ದೆರಿ ಸಾಹೇಬರ, ಮಂದಿ ರಾಜ್ಯಕ್ಕ ಹೋಗಿದ್ದಿಲ್ಲ. ಚೊಚ್ಚಲ ಬಾಣಂತನಕ್ಕ ತವರಿಗಿ ಹೋಗ್ದ ಮತ್ತ ಎಲ್ಲಿಗಿ ಹೋಗಬೇಕ್ರಿ? ನಿಮ್ಮವ್ವ ನಿಮಗ ಎಲ್ಲಿ ಹಡದಾರ್ರಿ?”

ಅಪ್ಪ ಅವ್ವನ ಸೆರಗು ಜಗ್ಗಿದ. ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನಾನು ಹುಟ್ಟಿದ್ದೂ ನಮ್ಮಜ್ಜಿ ಊರಲ್ಲೇ ಕಣಮ್ಮ,” ಎಂದರು. “ಅದು ಈಗ ಆಂಧ್ರಕ್ಕೆ ಸೇರಿದೆ.”

ಆ ಮಾತು ಕೇಳಿ ನಮ್ಮ ಕೆಲಸವಾಯಿತು ಎಂದುಕೊಂಡೆ. ಸಾಹೇಬರು ಗುಮಾಸ್ತರನ್ನು ಕರೆದು ಇದನ್ನು ಮುಗಿಸಿಕೊಡಿ ಎಂದರು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಗುಮಾಸ್ತರು ಅದೇ ಸಣ್ಣ ದನಿಯಲ್ಲಿ, ಹಾಗೆ ಬಾಯಿಮಾತಿನಲ್ಲಿ ಆಗುವುದಿಲ್ಲ ಸಾರ್, ತಾಯಿ ಅಲ್ಲಿ ಹೆರಿಗೆಗಷ್ಟೇ ಹೋಗಿ ಮಗುವಿನೊಂದಿಗೆ ವಾಪಸು ಬಂದರು ಎಂದು ಊರಿನ ಪಂಚರು ಬರೆದುಕೊಡಬೇಕು, ಅದನ್ನು ಔರಾದಿನವರು ನೋಡಿ ಕಳಿಸಬೇಕು ಎಂದರು. ಸಾಹೇಬರು ಕನ್ನಡಕ ಹಾಕಿಕೊಂಡು, ಹೌದು, ಅದೂ ಸರಿಯೇ ಎಂದರು. ನಾವು ಮತ್ತೆ ಗಂಜಿನ ಚೀಲಗಳ ಮೇಲೆ ಬಂದು ಕೂತೆವು. ಅಡತ್ಯಾ ಚಹ ತರಿಸಿದ, ಅವ್ವ ಕುಡಿಯಲಿಲ್ಲ.

ಊರಿಗೆ ಬಂದು ಪಂಚರನ್ನು ಕೂಡಿಸಿದೆವು. ನಾನು ತೊಟ್ಟಿಲ ಸಮೇತ ಈ ಊರಿಗೆ ಬಂದ ದಿನ ಬಂಡಿಗೆ ಎದುರು ಬಂದು ದೃಷ್ಟಿ ತೆಗೆದವಳು ಪಕ್ಕದ ಮನೆಯ ಮುದುಕಿ. ನನ್ನನ್ನು ಮೊದಲ ಸಲ ಎತ್ತಿಕೊಂಡವಳು ದೊಡ್ಡವ್ವ. ಓಣಿಯ ಹೆಂಗಸರಿಗೆಲ್ಲ ಆ ದಿನ ನಾನು ಯಾವ ಕುಲಾಯಿ ಹಾಕಿದ್ದೆ ಎಂಬುದೂ ನೆನಪಿತ್ತು. ಅವರು ಯಾರೂ ಪಂಚರಾಗಲಿಲ್ಲ. ಪಂಚರೆಂದರೆ ಪಟೇಲ, ಕಿರಾಣಿ ಅಂಗಡಿಯವ, ಇನ್ನಿಬ್ಬರು ಹಿರಿಯರು. ಪಟೇಲ ನನ್ನ ಮುಖ ನೋಡಿ, ಇವಳು ನಿನ್ನ ಹಿರಿಯವಳೋ ಕಿರಿಯವಳೋ ಎಂದು ಅಪ್ಪನನ್ನು ಕೇಳಿದ. ಕೇಳಿ ಆದ ಮೇಲೆ, ಈ ಕೂಸು ಊರಿಗೆ ಬಂದದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ ಎಂದು ನಾಲ್ವರೂ ಸಹಿ ಹಾಕಿದರು. ಸತ್ಯ ಹೇಳಿದ ಅಪ್ಪನ ಅರ್ಜಿ ತಿಂಗಳುಗಟ್ಟಲೆ ಅಲೆಯಿತು. ಕಾಣದ್ದನ್ನು ಕಂಡೆವು ಎಂದ ಕಾಗದ ಎಲ್ಲೂ ನಿಲ್ಲದೆ ಔರಾದ ದಾಟಿ ಬೀದರ ಮುಟ್ಟಿತು.

ನನ್ನ ಮುಲ್ಕಿ ಬಂದಾಗ ಟ್ರೇನಿಂಗ್ ಶುರುವಾಗಿ ಬಹಳ ದಿನವಾಗಿತ್ತು. ಟ್ರೇನಿಂಗ್ ಸಾಲೆಯ ಬಾಗಿಲಿಗೆ ಹೋಗಿ ಕೇಳಿದೆವು, ಮುಂದಿನ ವರ್ಷ ನೋಡೋಣ ಎಂದರು. ನಾನು ಮನೆಗೆ ಬಂದು ಕಂಬಳಿ ಹೊದ್ದು ಮಲಗಿಬಿಟ್ಟೆ. ಹಲಬರ್ಗಾದವರು ಅಕ್ಷತೆಯ ಮಾತು ಎತ್ತಿ ಮತ್ತೆ ಹೇಳಿಕಳಿಸಿದರು. ಅಪ್ಪ ಮಾತ್ರ ಆ ಓಡಾಟದಲ್ಲಿ ಹಟಮಾರಿಯಾಗಿದ್ದ. ಇಷ್ಟು ಚಪ್ಪಲಿ ಸವೆಸಿದ್ದು ಮುಲ್ಕಿಯನ್ನು ಪೆಟ್ಟಿಗೆಯಲ್ಲಿಡಲಿಕ್ಕಲ್ಲ ಎಂದು ಹೇಳಿ ಅವರನ್ನು ವಾಪಸು ಕಳಿಸಿದ. ಒಂದು ವರ್ಷ ನಾನು ಮನೆಯಲ್ಲಿ ಉದ್ದು ಹಸನು ಮಾಡುತ್ತ, ತಂಗಿಯ ಮೇಲೆ ಸಿಡುಕುತ್ತ ಕಳೆದೆ. ಮರುವರ್ಷ ಟ್ರೇನಿಂಗಿಗೆ ತೆಗೆದುಕೊಂಡರು. ಮುಗಿದ ಮೇಲೆ ಸಾಯಗಾಂವದ ಸಾಲೆಗೆ ಹಾಕಿದರು, ಕರಿಹಲಗೆಯ ಮುಂದೆ ನಿಂತೆ.

ಆದರೆ ಆ ಓಡಾಟದಲ್ಲಿ ಇನ್ನೊಂದು ಹೋಗಿತ್ತು, ನಾನು ಅದನ್ನು ತಡವಾಗಿ ಗಮನಿಸಿದೆ. ಅವ್ವ ನಮ್ಮ ತವರು ಎನ್ನುವುದನ್ನು ಬಿಟ್ಟಿದ್ದಳು. ಅಣ್ಣನ ಊರು ಎನ್ನುತ್ತಿದ್ದಳು. ಪಂಚಮಿಗೆ ಮಾವ ಕರೆಯಲು ಬಂದರೆ ಹೊಲದ ಕೆಲಸ, ಮೊಣಕಾಲು ನೋವು ಎಂದು ಏನಾದರೊಂದು ನೆವ ಹೇಳಿ, ಅವನಿಗೆ ಉಂಡಿ ಕಟ್ಟಿಕೊಟ್ಟು ಕಳಿಸುತ್ತಿದ್ದಳು. ಅಪ್ಪ ಆವತ್ತು ಅಂದ ಮಾತನ್ನು ಮರೆತೇಬಿಟ್ಟಿದ್ದ. ಅವಳು ಮರೆತಿರಲಿಲ್ಲ.

ನನ್ನನ್ನು ಭಾಲ್ಕಿಯ ಒಂದು ಮನೆಗೆ ಮದುವೆ ಮಾಡಿಕೊಟ್ಟರು. ನಾನು ಬಸುರಿಯಾದ ಕಾಲಕ್ಕೆ ಗಡಿಯ ಗದ್ದಲ ಮತ್ತೆ ಎದ್ದಿತ್ತು. ಗಡಿ ನೋಡಲು ಕಮಿಷನ್ ಬರುತ್ತದಂತೆ, ಔರಾದ ಆ ಕಡೆ ಹೋಗುತ್ತದಂತೆ, ಇಲ್ಲ ಭಾಲ್ಕಿಯೂ ಹೋಗುತ್ತದಂತೆ ಎಂದು ಬಸ್ಸಿನಲ್ಲಿ, ಗಂಜಿನಲ್ಲಿ ಅದೇ ಮಾತು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಏಳರಲ್ಲಿ ಕುಬಸ ಆಯಿತು. ಅಪ್ಪ ಬಂಡಿ ತರುತ್ತಾನೆಂದು ನಾನು ಸೀರೆ ಮಡಿಚಿ ಪೆಟ್ಟಿಗೆಗೆ ಹಾಕಿ ಕಾದೆ. ನನಗೂ ತವರಿನ ಬಾಣಂತನದ ಆಸೆ ಬಹಳವಿತ್ತು. ನಮ್ಮ ಬಚ್ಚಲಿನ ಹಂಡೆಯ ಸುಡುನೀರು, ಅವ್ವನ ಕೈಯ ಅಂಟಿನುಂಡಿ, ಬೆಳಿಗ್ಗೆ ಯಾರೂ ಎಬ್ಬಿಸದ ನಿದ್ದೆ, ಇದೆಲ್ಲ ಹೆಣ್ಣಿಗೆ ಜೀವಮಾನದಲ್ಲಿ ಒಂದೇ ಸಲ ಸಿಗುವುದು.

ಬಂಡಿ ಬರಲಿಲ್ಲ. ಔರಾದಿನ ಬಸ್ಸಿನಿಂದ ಅವ್ವ ಒಬ್ಬಳೇ ಇಳಿದಳು. ಬಸ್ಸಿನ ಮೇಲಿನಿಂದ ಕ್ಲೀನರ್ ಒಂದು ಗಂಟು, ಒಂದು ಡಬ್ಬಿ, ಆಮೇಲೆ ಹಗ್ಗ ಬಿಗಿದ ಸಾಗವಾನಿಯ ತೊಟ್ಟಿಲು ಇಳಿಸಿದ. ನನ್ನನ್ನು ತೂಗಿದ ತೊಟ್ಟಿಲು ಅದು. ಮಗಳ ಬಾಣಂತನಕ್ಕೆ ತಾಯಿ ಬೀಗರ ಮನೆಗೆ ಬಂದು ಕೂಡುವುದು ನಮ್ಮ ಕಡೆ ಮರ್ಯಾದೆಯಲ್ಲ. ಅತ್ತೆ ಬಾಗಿಲಲ್ಲಿ ನಿಂತು ಅವ್ವನನ್ನೂ ತೊಟ್ಟಿಲನ್ನೂ ನೋಡಿ ಒಳಗೆ ಹೋದಳು. ನಾನು ಅವ್ವನನ್ನು ಒಳಗೆ ಎಳೆದುಕೊಂಡು, ಇದೇನು ಮಾಡಿದೆ, ನಿನ್ನ ಮನೆಗೆ ನನ್ನನ್ನು ಕರೆಯದಷ್ಟು ನಾನೇನು ಮಾಡಿದೆ ಎಂದು ರೇಗಿದೆ.

“ನಾಳಿ ನಮ್ಮೂರು ಯಾರ ರಾಜ್ಯದಾಗ ಇರ್ತದೋ ಯಾರಿಗಿ ಗೊತ್ತು,” ಎಂದಳು ಅವ್ವ, ಗಂಟು ಬಿಚ್ಚುತ್ತ. “ನಿನ್ನ ಕೂಸಿನ ಮುಲ್ಕಿಗಿ ನೀ ಅಲೆದಾಡೋದು ಬ್ಯಾಡ. ಇಲ್ಲೇ ಹಡಿ ಯವ್ವಾ. ನನಗ ಅಂದಂಗ ನಾಳಿ ನಿನಗ ಯಾರೂ ಅನಬಾರ್ದು.”

ಅತ್ತೆಯ ಮನೆಯ ಹಿಂದಿನ ಕೋಣೆಯಲ್ಲಿ ಅವ್ವ ನನ್ನ ಬಾಣಂತನ ಮಾಡಿದಳು. ಬೀಗರ ಮನೆಯ ಕಟ್ಟಿಗೆ ಎಂದು ಲೆಕ್ಕ ಹಾಕಿ ಒಲೆಗೆ ಒಡ್ಡುತ್ತಿದ್ದಳು, ನೀರು ಎಂದೂ ಸಾಕಷ್ಟು ಕಾಯುತ್ತಿರಲಿಲ್ಲ. ತಾನು ಮಾತ್ರ ಎಲ್ಲರದೂ ಊಟವಾದ ಮೇಲೆ, ಡಬ್ಬಿಯಲ್ಲಿ ತಂದ ತನ್ನದೇ ಖಡಕ್ ರೊಟ್ಟಿಯನ್ನು ನೀರಿನಲ್ಲಿ ನೆನೆಸಿ ತಿನ್ನುತ್ತಿದ್ದಳು. ನನ್ನ ಗಂಡ ಕೂಸಿನ ಹುಟ್ಟು ಬರೆಸಲು ಹೋಗುವಾಗ ಬಾಗಿಲಿನ ತನಕ ಹೋಗಿ, ಊರು ಭಾಲ್ಕಿ ಎಂದು ಬರೆಸ್ರಿ ಎಂದು ಸೆರಗಿನ ಮರೆಯಿಂದ ಹೇಳಿದಳು. ಬೇರೆ ಏನು ಬರೆಸುತ್ತಾರೆ, ಹುಟ್ಟಿದ್ದೇ ಇಲ್ಲಿ.

ಕೂಸು ಐದು ತಿಂಗಳದಾದ ಮೇಲೆ ಪಂಚಮಿಗೆ ತವರಿಗೆ ಹೋದೆ. ಕಮಿಷನ್ ಬಂದಿತೋ ಹೋಯಿತೋ, ನನಗೆ ಗೊತ್ತಿಲ್ಲ. ಗದ್ದಲ ಏಳುತ್ತ ಇಳಿಯುತ್ತ ಇತ್ತು. ಔರಾದ ಮಾತ್ರ ಎಲ್ಲಿಗೂ ಹೋಗಲಿಲ್ಲ, ಇವತ್ತಿಗೂ ಇದ್ದಲ್ಲೇ ಇದೆ. ಹಿತ್ತಲಿಗೆ ಕೈ ತೊಳೆಯಲು ಹೋದೆ. ಬಚ್ಚಲಿನ ಗೋಡೆಗುಂಟ ನನ್ನ ಎದೆಯ ಮಟ್ಟಕ್ಕೆ ಕಟ್ಟಿಗೆ ಒಟ್ಟಿತ್ತು. ಒಣಗಿದ ಜಾಲಿ, ಒಂದೇ ಅಳತೆಗೆ ಕಡಿದದ್ದು, ಬಾಣಂತಿಯ ನೀರಿಗೆಂದೇ ಕಡಿಯುವ ಹಾಗೆ. ಇದ್ಯಾಕೆ ಹೀಗೆ ಬಿದ್ದಿದೆ ಎಂದು ಅಪ್ಪನನ್ನು ಕೇಳಿದೆ. ನೀನು ಬಸುರಿ ಎಂದು ಗೊತ್ತಾದ ಕೂಡಲೇ ಕಡಿದದ್ದು, ಅದನ್ನು ಬೇರೆ ಒಲೆಗೆ ಹಾಕಲು ನಿಮ್ಮವ್ವ ಬಿಡುವುದಿಲ್ಲ ಎಂದ. ಕೆಳಗಿನ ಸಾಲಿಗೆ ಆಗಲೇ ಗೆದ್ದಲು ಹತ್ತಿತ್ತು.